ಮಂಡ್ಯ ಜಿಲ್ಲೆಯ ಕಡಲತೀರಗಳಲ್ಲಿ ದಾಂಪತ್ಯವಿರಾಮ: ಒಂದು ಬಹುಶಿಸ್ತೀಯ ಅನುಸಂಧಾನ

ಮಂಡ್ಯ ಜಿಲ್ಲೆಗೆ ಕಡಲತೀರವಿಲ್ಲ ಎಂಬ ಗ್ರಹಿಕೆಯನ್ನು ವಿದ್ವತ್ ವಲಯ ಇದುವರೆಗೆ ಪ್ರಶ್ನಿಸಿಯೇ ಇಲ್ಲ. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾದಾಗ ಹಂಚಿಕೆಯಲ್ಲಿ ಗದ್ದೆ ಬಂತು, ಕಬ್ಬು ಬಂತು, ನಾಲೆ ಬಂತು; ಸಮುದ್ರ ಬರಲಿಲ್ಲ. ಸಮುದ್ರ ನೋಡಬೇಕೆಂದರೆ ಮಂಡ್ಯದವರು ಮೈಸೂರು, ಮಡಿಕೇರಿ ದಾಟಿ, ಘಟ್ಟ ಇಳಿದು, ಸುಮಾರು 300 ಕಿಲೋಮೀಟರ್ ದೂರದ ಮಂಗಳೂರು ಸೇರಬೇಕು. ಇಂಥ ಸಣ್ಣಪುಟ್ಟ ಭೌಗೋಳಿಕ ತೊಡಕುಗಳಿಗೆ ಸಂಶೋಧನೆ ಹೆದರಬಾರದು. ಇರುವ ವಸ್ತುವಿಗಿಂತ ಇಲ್ಲದ ವಸ್ತುವಿನ ಮೇಲೆ ಹೆಚ್ಚು ಪುಟ ಬರೆಯಬಹುದು ಎಂಬುದನ್ನು ನಮ್ಮ ವಿಚಾರಸಂಕಿರಣಗಳು ಎಂದೋ ಸಾಧಿಸಿ ತೋರಿಸಿವೆ.

ಪ್ರಸ್ತುತ ಅಧ್ಯಯನಕ್ಕೆ ಪ್ರೇರಣೆಯೂ ಅಂಥದ್ದೇ ಒಂದು ಸಂಕಿರಣ. ಎಲ್ಲಿ, ಯಾವ ಸಂಸ್ಥೆ ಎಂಬುದು ಬೇಡ. ದೀಪ ಬೆಳಗಿ, ಕುಂಡದ ಗಿಡಕ್ಕೆ ನೀರೆರೆದು, ಹಾರ ಶಾಲುಗಳ ಸರಣಿ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಆಮೇಲೆ ವಿಷಯತಜ್ಞರು ‘ಗ್ರಾಮೀಣ ದಂಪತಿಗಳಲ್ಲಿ ವಿರಾಮಪ್ರಜ್ಞೆಯ ಕೊರತೆ’ ಎಂಬ ಪ್ರಬಂಧ ಮಂಡಿಸಿದರು. ಪರದೆಯ ಮೇಲೆ ತೆಂಗಿನ ಮರಗಳ ಕೆಳಗೆ ಉದ್ದನೆಯ ಕುರ್ಚಿಗಳಲ್ಲಿ ಕಾಲು ಚಾಚಿದ ಜೋಡಿಯೊಂದರ ಚಿತ್ರವಿತ್ತು. ಅದರತ್ತ ಕೋಲು ತೋರಿಸುತ್ತ ಅವರು ಹೇಳಿದ್ದಿಷ್ಟು: ನಮ್ಮ ರೈತ ಗಂಡಹೆಂಡಿರಿಗೆ ಜೊತೆಯಾಗಿ ಸುಮ್ಮನೆ ಕೂರುವುದೇ ಗೊತ್ತಿಲ್ಲ, ಅದು ಅವರ ಪ್ರಜ್ಞೆಯ ರಾಚನಿಕ ಮಿತಿ. ಸಭಿಕರು ಚಪ್ಪಾಳೆ ತಟ್ಟಿ ಊಟಕ್ಕೆದ್ದರು. ಆ ರಾಚನಿಕ ಮಿತಿಯನ್ನು ಶಿರಸಾವಹಿಸಿ ಈ ಪ್ರಬಂಧ ಹೊರಡುತ್ತದೆ.

ಮೊದಲು ಪರಿಭಾಷೆ. ‘ದಂಪತಿ’ ಎಂದರೆ ಒಂದೇ ಪಡಿತರ ಚೀಟಿಯಲ್ಲಿ ಹೆಸರಿದ್ದು, ಹಗಲಿನ ಬಹುಪಾಲು ಬೇರೆಬೇರೆ ಜಮೀನಿನಲ್ಲಿರುವ ಇಬ್ಬರು. ‘ಕಡಲತೀರ’ ಎಂದರೆ ನೀರು, ಮರಳು ಹಾಗೂ ಕೂರಲು ಪುರುಸೊತ್ತು, ಈ ಮೂರರ ತ್ರಿಸ್ತರೀಯ ಸಂಯೋಗ. ‘ವಿರಾಮ’ದಲ್ಲಿ ಜಿಲ್ಲೆಯ ಏಳು ತಾಲ್ಲೂಕಿಗೆ ತಾಲ್ಲೂಕಿಗೊಂದರಂತೆ ಏಳು ವರ್ಗಗಳು: ಜಲಾಭಿಮುಖ, ಸಿಕತಾಶ್ರಿತ, ಭಕ್ಷ್ಯಕೇಂದ್ರಿತ, ತೀರ್ಥಾಂತರ್ಗತ, ಶ್ರಮಾಂತರಾಳೀಯ, ಘೋಷಣಾಜನ್ಯ ಮತ್ತು ಅವಶಿಷ್ಟ. ಏಳನೆಯದು ಏನೆಂದು ಇನ್ನೂ ತೀರ್ಮಾನವಾಗಿಲ್ಲ. ಏಳು ಇರಲೇಬೇಕು, ಅಷ್ಟೆ.

ಜಲಾಭಿಮುಖ ವಿರಾಮದಿಂದ ಶುರು ಮಾಡಬಹುದು. ಕರಾವಳಿಯವರು ಉಬ್ಬರವಿಳಿತದ ಲೆಕ್ಕ ಇಡುವ ಹಾಗೆ ಮಂಡ್ಯದವರು ಕನ್ನಂಬಾಡಿ ಅಣೆಕಟ್ಟೆಯ ನೀರಿನ ಲೆಕ್ಕ ಇಡುತ್ತಾರೆ. “ಕಟ್ಟೆ ಎಷ್ಟಾಗದೆ?” ಎಂದು ಕೇಳಿದ ಮೇಲೆಯೇ ಇಲ್ಲಿ ಕ್ಷೇಮಸಮಾಚಾರ. ತುಂಬಿದರೆ 124.80 ಅಡಿ, ಆ ದಶಮಾಂಶವನ್ನು ಶಾಲೆ ಬಿಟ್ಟ ಹುಡುಗರೂ ತಪ್ಪದೆ ಹೇಳುತ್ತಾರೆ. ಮಟ್ಟ ಮೇಲಿದ್ದರೆ ಭತ್ತ. ಕೆಳಗಿದ್ದರೆ ಬೆಳೆ ಹಾಕಬೇಡಿ ಎಂಬ ಪ್ರಕಟಣೆ. ನೀರಿನ ಅಂಚಿನಲ್ಲಿ ಗಂಡಹೆಂಡತಿ ಜೊತೆಯಾಗಿ ಕೂತಿರುವ ದೃಶ್ಯ ಮದ್ದೂರು, ಮಳವಳ್ಳಿ ಕಡೆಯ ನಾಲೆಗಳ ಮೇಲೂ ಕಾಣಸಿಗುತ್ತದೆ. ವ್ಯತ್ಯಾಸ ಇಷ್ಟೆ: ಹೊತ್ತು ರಾತ್ರಿ ಎರಡು ಗಂಟೆ, ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ಗುದ್ದಲಿ. ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಟ್ಟಾಗ ಮೇಲಿನ ಗದ್ದೆಯವರು ತಮ್ಮ ಸರದಿಯನ್ನು ತಿರುಗಿಸಿಕೊಳ್ಳದಂತೆ ಕಾಯುವ ಈ ಸಹಾಸನವನ್ನು ರಮ್ಯಪರಂಪರೆಯ ವಿಮರ್ಶಕರು ಚಂದ್ರಿಕಾವಿಹಾರ ಎಂದು ಗುರುತಿಸಿದರೆ ಆಕ್ಷೇಪವಿಲ್ಲ.

ಇಲ್ಲೊಂದು ಮುಖ್ಯ ಶೋಧ. ಮಂಡ್ಯ ಜಿಲ್ಲೆಯಿಂದ ಸಮುದ್ರದ ಕಡೆಗೆ ಹೊರಡಲು ಕಾನೂನಿನ ಪ್ರಕಾರ ಹಕ್ಕು ಪಡೆದಿರುವುದು ನೀರು ಮಾತ್ರ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಕಾವೇರಿ ನೀರು ಹರಿಯಬೇಕು. ಪ್ರಯಾಣದ ಮೇಲ್ವಿಚಾರಣೆಗೆ ಪ್ರಾಧಿಕಾರ, ಅದರ ಕೆಳಗೊಂದು ಸಮಿತಿ. ಯಾವ ಮದುಮಕ್ಕಳ ಪ್ರವಾಸಕ್ಕೂ ಇಷ್ಟು ಏರ್ಪಾಡು ಆದದ್ದಿಲ್ಲ. ಆದರೆ ಆ ನೀರಿಗೂ ಸುಮ್ಮನೆ ಹೋಗುವ ಭಾಗ್ಯವಿಲ್ಲ. ಮೆಟ್ಟೂರಿನಲ್ಲಿ ನಿಂತು, ತಂಜಾವೂರಿನ ಗದ್ದೆಗಳಲ್ಲಿ ದುಡಿದು, ಮಿಕ್ಕಿದ್ದು ಪೂಂಪುಹಾರಿನಲ್ಲಿ ಸಮುದ್ರದ ಮುಖ ನೋಡುತ್ತದೆ.

ಇನ್ನೊಂದು ಪಾಲು ನೀರು ಮಳವಳ್ಳಿ ತಾಲ್ಲೂಕಿನಿಂದಲೇ ಬೆಂಗಳೂರಿಗೆ ಹತ್ತುತ್ತದೆ. ತೊರೆಕಾಡನಹಳ್ಳಿಯ ಪಂಪುಗಳು 1970ರ ದಶಕದಿಂದ ಹಂತಹಂತವಾಗಿ ಹೆಚ್ಚುತ್ತ ಬಂದವು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಕಾವೇರಿ ಯೋಜನೆಯ ಐದನೇ ಹಂತ ಒಂದರದೇ ಸಾಮರ್ಥ್ಯ ದಿನಕ್ಕೆ 775 ದಶಲಕ್ಷ ಲೀಟರ್. ಮಹಾನಗರ ಕುಡಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೊಳವೆ ಹೊರಡುವ ತಾಲ್ಲೂಕಿನಲ್ಲೇ ವಿಶ್ವೇಶ್ವರಯ್ಯ ನಾಲೆಯ ಕಡೆ ಭಾಗದ ರೈತರು ತಮ್ಮ ಗದ್ದೆಗೆ ನೀರು ಮುಟ್ಟಲಿಲ್ಲವೆಂದು ವರ್ಷ ವರ್ಷವೂ ಕಚೇರಿ ಮುಂದೆ ಕೂರುತ್ತಾರೆ. ಇದನ್ನು ಉಪಭೋಗಕೇಂದ್ರ ಮತ್ತು ಸಂಪನ್ಮೂಲ-ಅಂಚುಗಳ ದ್ವಂದ್ವಾತ್ಮಕ ಅನುಸಂಧಾನ ಎನ್ನಬಹುದು. ಅನ್ಯಾಯ ಎಂದರೆ ಪ್ರಬಂಧ ಚಿಕ್ಕದಾಗುತ್ತದೆ.

ಸಿಕತಾಶ್ರಿತ, ಅರ್ಥಾತ್ ಮರಳನ್ನು ಆಶ್ರಯಿಸಿದ ವಿರಾಮ ಎರಡನೆಯದು. ಕಾವೇರಿ, ಶಿಂಷಾ, ಹೇಮಾವತಿಯ ದಡಗಳಲ್ಲಿ ಒಂದು ಕಾಲಕ್ಕೆ ಹೇರಳ ಮರಳಿತ್ತು. ಅದು ರಾತ್ರಿ ಹೊತ್ತು ಲಾರಿ ಹತ್ತಿ ನಗರ ಸೇರಿತು. ಹೀಗಾಗಿ ಮಂಡ್ಯದ ಮರಳದಂಡೆ ಇಂದು ಲಂಬಾಕಾರದಲ್ಲಿ, ಬೇರೆಯವರ ಮನೆಗಳ ಗೋಡೆಯೊಳಗೆ ನೆಲೆಗೊಂಡಿದೆ. ಮರಳು ಎತ್ತಿದ ಕಡೆ ಹೊಳೆಯ ತಳದಲ್ಲಿ ಗುಂಡಿಗಳು ಉಳಿದವು. ಮೇಲಿಂದ ನೋಡಿದರೆ ಮೊಣಕಾಲುದ್ದ ನೀರು, ಎರಡು ಹೆಜ್ಜೆ ಇಟ್ಟರೆ ಆಳು ಮುಳುಗುವ ಮಡು.

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಈ ಭಾಗದ ಜನ ನಿಜಕ್ಕೂ ನೀರಿಗಿಳಿದು ಸಂತೋಷಪಡುವ ಜಾಗ. ಕಾಡು, ಬಂಡೆ, ಹೊಳೆ, ಮುತ್ತತ್ತಿರಾಯನ ಗುಡಿ. ಮರದ ಕೆಳಗೆ ಅಡುಗೆ ಮಾಡಿ, ಕೋಳಿ ಸಾರು ಮುದ್ದೆ ಉಂಡು, ಸಂಜೆಗೆ ಮನೆ. ಸೀತೆಯ ಆಭರಣ ಈ ಮಡುವಿಗೆ ಬಿದ್ದಾಗ ಆಂಜನೇಯ ಬಾಲದಿಂದ ತಡಕಿ ತೆಗೆದುಕೊಟ್ಟನೆಂದು ಸ್ಥಳಪುರಾಣ. ಈಗ ಬೀಳುವುದು ಆಭರಣವಲ್ಲ. ಸುಳಿಗೆ ಸಿಕ್ಕಿದ ಒಬ್ಬರನ್ನು ಎಳೆಯಲು ಹೋಗಿ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ತೆಗೆಯಲು ಬರುವವರು ಅಗ್ನಿಶಾಮಕ ದಳದವರು, ಊರಿನ ಈಜುಗಾರರು. ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ‘ಇಲ್ಲಿ ಈಜಬಾರದು’ ಎಂಬ ಫಲಕವಿದೆ. ಫಲಕ ಯಾರನ್ನೂ ದಡಕ್ಕೆ ಎಳೆಯುವುದಿಲ್ಲ.

ಪ್ರಬಂಧ ಧಾಟಿ ತಪ್ಪುತ್ತಿದೆ. ಮೂರನೆಯ ವರ್ಗಕ್ಕೆ, ಭಕ್ಷ್ಯಕೇಂದ್ರಿತಕ್ಕೆ ಹೋಗುವುದು ಒಳ್ಳೆಯದು. ಮದ್ದೂರು ಜಗತ್ತಿನ ವಿರಾಮಶಾಸ್ತ್ರಕ್ಕೆ ಕೊಟ್ಟ ಕೊಡುಗೆ ಎಂದರೆ ರೈಲು ನಿಲ್ಲುವಷ್ಟು ಹೊತ್ತಿನ ವಿಶ್ರಾಂತಿ. ಆ ಹೊತ್ತಿಗೆ ಹೇಳಿ ಮಾಡಿಸಿದ್ದು ಮದ್ದೂರು ವಡೆ: ಚಿರೋಟಿ ರವೆ, ಅಕ್ಕಿಹಿಟ್ಟು, ಮೈದಾ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು. ಬೇಳೆ ನೆನೆಸುವ, ರುಬ್ಬುವ ಗೊಡವೆಯಿಲ್ಲ. ತೆಳ್ಳಗೆ ತಟ್ಟಿ ಗರಿಗರಿಯಾಗಿ ಕರಿದರೆ ಕಾಗದದಲ್ಲಿ ಸುತ್ತಿ ಮೈಸೂರಿನವರೆಗೆ ಒಯ್ಯಬಹುದು. ರೈಲಿನವರಷ್ಟೇ ಅಲ್ಲ, ಹಳೇ ರಸ್ತೆಯಲ್ಲಿ ಬಂದವರೂ ಮದ್ದೂರಿನಲ್ಲಿ ಇಳಿದು, ವಡೆ ಕಾಫಿ ಮುಗಿಸಿಯೇ ಮುಂದೆ ಹೋಗುತ್ತಿದ್ದರು. 2023ರ ಮಾರ್ಚ್ 12ರಂದು ಪ್ರಧಾನಿಯವರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ರಸ್ತೆ ಊರನ್ನು ಬಳಸಿಕೊಂಡು ಹೋಯಿತು, ಹಳೇ ಹೋಟೆಲುಗಳ ಮುಂದೆ ಕಾರು ಕಡಿಮೆಯಾದವು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಬೇಗ ಹೋದವರನ್ನು ದೂರುವುದಕ್ಕಲ್ಲ ಈ ಮಾತು. ಜಮೀನು ಕೊಟ್ಟ ಗಂಡಹೆಂಡತಿ ಬೈಕಿನಲ್ಲಿ ಸರ್ವಿಸ್ ರಸ್ತೆ ಹಿಡಿಯುತ್ತಾರೆ. ಸಮುದ್ರಕ್ಕೋ ಕೊಡಗಿಗೋ ರಜೆಗೆ ಹೊರಟವರು ಅವರ ಹೊಲವಿದ್ದ ಜಾಗದ ಮೇಲೆ ಭರ್ರನೆ ಸಾಗುತ್ತಾರೆ. ಅದನ್ನು ಹೇಳದೆ ವಿರಾಮದ ಬಗ್ಗೆ ಬರೆಯಲಾಗದು.

ತೀರ್ಥಾಂತರ್ಗತ ವಿರಾಮದಲ್ಲಿ ಮಾತ್ರ ಮಂಡ್ಯ ಜಿಲ್ಲೆ ನಿಜವಾದ ಉಪ್ಪುನೀರು ಮುಟ್ಟುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಸ್ವಸಹಾಯ ಸಂಘದ ಗೆಳತಿಯರು ಗುಂಪುಕಟ್ಟಿ ಧರ್ಮಸ್ಥಳ, ಕುಕ್ಕೆ, ಉಡುಪಿ ಮುಗಿಸಿ, ಮಲ್ಪೆಯಲ್ಲಿ ಸೀರೆ ಎತ್ತಿಕಟ್ಟಿ ಅಲೆಗೆ ಕಾಲು ಕೊಟ್ಟು ಬರುತ್ತಾರೆ. ತಜ್ಞರು ಹುಡುಕಿದ ವಿರಾಮಪ್ರಜ್ಞೆ ಅಲ್ಲಿ ನಗುತ್ತ ಕಿರುಚುತ್ತ ನಿಂತಿತ್ತು, ಆದರೆ ಉದ್ದನೆಯ ಕುರ್ಚಿ ಇರಲಿಲ್ಲವಾದ್ದರಿಂದ ಅವರಿಗೆ ಕಾಣಲಿಲ್ಲ. ಸಮುದ್ರದ ಬಗ್ಗೆ ಮದ್ದೂರು ಕಡೆಯ ವಿಮರ್ಶೆಯೂ ಖಚಿತವಾದದ್ದು: “ಎಷ್ಟ್ ನೀರು ಅಂತೀನಿ! ಕುಡಿಯಂಗಿಲ್ಲ, ಬೆಳೆಗ್ ಕಟ್ಟಂಗಿಲ್ಲ, ಒಂದ್ ತೂಬೂ ಇಲ್ಲ.” ಇದಕ್ಕಿಂತ ಸಾಂದ್ರವಾದ ಸಮುದ್ರಮೀಮಾಂಸೆ ಸಂಕಿರಣದ ಎರಡು ದಿನಗಳಲ್ಲಿ ಬರಲಿಲ್ಲ.

ಆದರೆ ಅಲ್ಲಿ ಹೆಂಡತಿ ಇದ್ದಾಳೆ, ಗಂಡ ಇಲ್ಲ. “ನೀವೂ ಬನ್ನಿ ಅಂದ್ರೆ ಹಸ ಕರಿಯೋರ್ಯಾರು?” ಎಂದು ಅವಳೇ ಕೇಳಿ, ಅವಳೇ ಉತ್ತರವನ್ನೂ ಒಪ್ಪಿಕೊಂಡು ಬಸ್ಸು ಹತ್ತಿರುತ್ತಾಳೆ. ಹಸುವಿಗೆ ಭಾನುವಾರವಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡೈರಿಗೆ ಹಾಲು ಹಾಕಲೇಬೇಕು. ಗೆಜ್ಜಲಗೆರೆಯ ಒಕ್ಕೂಟಕ್ಕೆ ಹೋಗುವ ಆ ಹಾಲಿನ ಬಟವಾಡೆಯಲ್ಲೇ ಮಕ್ಕಳ ಫೀಸು, ಅಂಗಡಿಯ ಬಾಕಿ. ರೇಷ್ಮೆ ಸಾಕುವ ಮನೆಯಾದರೆ ಇನ್ನೂ ಬಿಗಿ. ಹುಳು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವವರೆಗಿನ ಸುಮಾರು ಒಂದು ತಿಂಗಳಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ತಿನ್ನುವುದು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ನಾಲ್ಕನೇ ಜ್ವರ ಎದ್ದಮೇಲೆ ಅದಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯವರು ಸರದಿಯ ಮೇಲೆ ನಿದ್ದೆ ಮಾಡಬೇಕು. ಆ ಮನೆಯಲ್ಲಿ ವೇಳಾಪಟ್ಟಿಯ ಪ್ರಕಾರ ವಿಶ್ರಾಂತಿ ಪಡೆಯುವ ಜೀವಿ ಹುಳು ಒಂದೇ. ಇನ್ನು ಕಬ್ಬು ಒಂದು ವರ್ಷ ನಿಂತು ಬೆಳೆದರೂ ಕಟಾವಿಗೆ ಆಳು ಬರುವ ದಿನ ಯಾರ ಕೈಯಲ್ಲೂ ಇಲ್ಲ. ಆ ದಿನ ಊರಲ್ಲಿ ಇರದವರ ಕಬ್ಬು ಗದ್ದೆಯಲ್ಲೇ ಒಣಗುತ್ತದೆ.

ಐದನೆಯ ವರ್ಗ, ಶ್ರಮಾಂತರಾಳೀಯವೂ ಇದರಲ್ಲೇ ಬಂದುಹೋಯಿತು. ಏಳನೆಯದರ ಅಗತ್ಯ ಈಗ ಪ್ರಬಂಧಕಾರರಿಗೂ ಕಾಣುತ್ತಿಲ್ಲ. ಸಾರಾಂಶ, ಉಪಸಂಹಾರಗಳನ್ನೂ ಬಿಟ್ಟುಬಿಡೋಣ. ವಿಷಯತಜ್ಞರಿಗೆ ಒಂದೇ ಒಂದು ಮಾಹಿತಿ: ಗಂಡಹೆಂಡಿರು ಜೊತೆಯಾಗಿ ಕೂತದ್ದುಂಟು. 2023ರ ಸೆಪ್ಟೆಂಬರ್ 23ರಂದು, ಮಳೆ ಕೈಕೊಟ್ಟು ಕಟ್ಟೆ ಬರಿದಾಗುತ್ತಿದ್ದಾಗ, ನೀರಿಗಾಗಿ ಮಂಡ್ಯ ಬಂದ್ ಆಯಿತು. ಅಂಗಡಿ ಬಾಗಿಲು ಹಾಕಿದ್ದವು, ಜನ ಬೀದಿಯಲ್ಲಿದ್ದರು. ಬೀದಿಯಲ್ಲಿ ಕೂರುವುದು ನಿಮ್ಮ ವ್ಯಾಖ್ಯೆಯಲ್ಲಿ ವಿರಾಮ ಆಗದಿರಬಹುದು.

ಉಳಿದದ್ದು ಆರನೆಯದು. ಈ ಘೋಷಣಾಜನ್ಯ ವಿರಾಮ ಸರ್ಕಾರದ್ದು. 2018ರಲ್ಲಿ ಕನ್ನಂಬಾಡಿಯ ಬಳಿ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನ, ಜೊತೆಗೆ 125 ಅಡಿಯ ಕಾವೇರಿ ಪ್ರತಿಮೆ ಎಂದು ಘೋಷಿಸಲಾಯಿತು. ಅದೇ ವರ್ಷದ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. 30 ಜನ ಸತ್ತರು, ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಿದ್ದರು. ರಸ್ತೆಗೂ ನಾಲೆಗೂ ನಡುವೆ ಒಂದು ತಡೆಗೋಡೆ ಇರಲಿಲ್ಲ. ಆಮೇಲಿನ ವರ್ಷಗಳಲ್ಲೂ ಅದೇ ನಾಲೆಗೆ ಕಾರುಗಳು ಬಿದ್ದವು, ಮನೆಮಂದಿ ಒಟ್ಟಿಗೆ ಹೋದರು. 125 ಅಡಿಯ ನಕ್ಷೆ ಬರೆಯಲು ಬಂದ ಕೈಗೆ ಮೂರಡಿ ಗೋಡೆಯ ಅಂದಾಜುಪಟ್ಟಿ ಬರೆಯಲು ಬರಲಿಲ್ಲವೆಂದರೆ ಅದಕ್ಕೆ ಯಾವ ರಾಚನಿಕ ಮಿತಿ ಎಂದು ಹೆಸರಿಡಬೇಕು?

ಮಂಡ್ಯಕ್ಕೆ ಸಮುದ್ರ ತರುವುದು ಯಾರಿಂದಲೂ ಆಗದು, ಯಾರೂ ಕೇಳಿಯೂ ಇಲ್ಲ. ಪ್ರವಾಸೋದ್ಯಮದ ಮುಂದಿನ ಕಡತ ತೆರೆಯುವ ಮುನ್ನ ನೀರಾವರಿ ಮತ್ತು ಲೋಕೋಪಯೋಗಿ ಇಲಾಖೆಯವರು ರಸ್ತೆಗೆ ತಾಗಿಕೊಂಡ ನಾಲೆಗಳಲ್ಲಿ ಗೋಡೆಯಿಲ್ಲದ ಕಡೆಯೆಲ್ಲ ಗೋಡೆ ಕಟ್ಟಿಸಲಿ, ಮುತ್ತತ್ತಿಯ ಫಲಕದ ಪಕ್ಕದಲ್ಲಿ ಈಜು ಬಲ್ಲವರನ್ನು ಸಂಬಳ ಕೊಟ್ಟು ನಿಲ್ಲಿಸಲಿ, ಮಳವಳ್ಳಿಯ ಕಡೆ ಗದ್ದೆಯವರೆಗೆ ನೀರು ಮುಟ್ಟಿಸಲಿ. ವಿರಾಮಪ್ರಜ್ಞೆಯ ಮೇಲೆ ಮತ್ತೊಂದು ಸಂಕಿರಣ ಮಾಡುವವರು ದಯವಿಟ್ಟು ಅದನ್ನು ಸಂಜೆ ಹಾಲು ಹಾಕುವ ಹೊತ್ತಿಗೆ ಇಡಬೇಡಿ, ಯಾರೂ ಬರಲಾಗುವುದಿಲ್ಲ.