ಬಿದ್ದ ಗೋಡೆಗೆ ದುಡ್ಡು ಯಾರು ಕೊಡ್ತಾರ?

ಆಸ್ಪತ್ರೆ ವಿಮೆ ಮಾಡಿಸದವರು ಬಿಲ್ಲು ಬಂದಾಗ ಆಸ್ಪತ್ರೆಯನ್ನಷ್ಟೇ ಬೈದು ಸುಮ್ಮನಾಗುತ್ತಾರೆ. ಮಾಡಿಸಿದವರಿಗೆ ಬೈಯೋಕೆ ಇಬ್ಬರು ಸಿಗುತ್ತಾರೆ. ಆಚೆಮನೆ ಅಕ್ಕ ಈ ಎರಡನೇ ಪಂಗಡದವಳು. ಬೇಲಿ ಮೇಲೆ ಬಟ್ಟೆ ಹರವುತ್ತಾ ಶುರು ಮಾಡಿದಳೆಂದರೆ ಹೆದ್ದಾರಿಯಲ್ಲಿ ಅದಿರಿನ ಲಾರಿ ಹೋಗುವಾಗಷ್ಟೇ ಬಾಯಿ ಮುಚ್ಚುತ್ತಾಳೆ. ನಮ್ಮ ಗಾದಿಗನೂರಿನಲ್ಲಿ ಮಾತಿಗೆ ಸಿಗುವ ಪುರುಸೊತ್ತು ಅಷ್ಟೇ. ಹರವಿದ ಬಿಳಿ ಪಂಚೆ ಅಷ್ಟರಲ್ಲಿ ಕೆಂಪಗಾಗಿರುತ್ತದೆ.

“ಐದು ಲಕ್ಷದ ಪಾಲಿಸಿ ಅಂದ್ರು. ಬಿಲ್ ಆಗಿದ್ದು ಲಕ್ಷದೊಳಗ. ಮತ್ಯಾಕ ಕಟ್ ಮಾಡ್ಬೇಕ್ರಿ?”

ಗಂಡನ ಪಿತ್ತಕೋಶದ ಕಲ್ಲಿನ ಆಪರೇಷನ್ ಕಥೆ. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ 3,000 ರೂಪಾಯಿ ಮಿತಿ. ಇವರು ಹಿಡಿದದ್ದು 5,000ದ ರೂಮು. ಮೇಲಿನ ಎರಡು ಸಾವಿರ ಕೈಯಿಂದ ಕಟ್ಟಿದರಾಯಿತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಕಿತಾಪತಿ ಇರುವುದೇ ಅಲ್ಲಿ. ಐದರಲ್ಲಿ ಮೂರು ಅಂದರೆ ನೂರಕ್ಕೆ ಅರವತ್ತು. ಸರ್ಜನ್ ಫೀಸು, ಅರಿವಳಿಕೆ ಡಾಕ್ಟರ ಫೀಸು, ಥಿಯೇಟರ್ ಚಾರ್ಜು ಎಲ್ಲಕ್ಕೂ ಅದೇ ಅರವತ್ತರ ಲೆಕ್ಕ. ದೊಡ್ಡ ರೂಮಿಗೆ ಹೋದರೆ ಉಳಿದ ಚಾರ್ಜೂ ಏರುತ್ತದೆ ಅನ್ನೋದು ಕಂಪನಿಯವರ ವಾದ.

“ಹಂಗಾರ ವರಾಂಡದಾಗ ಮಲಗಿದ್ರ ಪೂರ್ತಿ ಕೊಡ್ತಿದ್ರೇನು?” ಅಂದಳು. ಕೊಡ್ತಿದ್ದರೇನೋ!

ಬೆಳೆ ವಿಮೆಯದು ಇನ್ನೊಂದು ಕಥೆ. ಫಸಲ್ ಬಿಮಾದಲ್ಲಿ ಮುಂಗಾರಿನ ಮೆಕ್ಕೆಜೋಳಕ್ಕೆ ರೈತ ಕಟ್ಟುವುದು ವಿಮೆ ಮೊತ್ತದ ನೂರಕ್ಕೆ ಎರಡರಷ್ಟು, ಉಳಿದದ್ದು ಸರ್ಕಾರಗಳ ಪಾಲು. ಅಗ್ಗವೇ. ಆದರೆ ಇಳುವರಿ ನೋಡುವುದು ಪಂಚಾಯಿತಿಯ ಸರಾಸರಿಯಲ್ಲಿ. ಸುತ್ತಲಿನ ಹೊಲಗಳು ಚೆನ್ನಾಗಿ ಬಂದರೆ ಅಕ್ಕನ ಒಣಗಿದ ಹೊಲಕ್ಕೆ ಕಾಸಿಲ್ಲ. ಆಲಿಕಲ್ಲು ಗೀಲಿಕಲ್ಲು ಬಿದ್ದರೆ ಒಬ್ಬರದೇ ಹೊಲಕ್ಕೂ ಉಂಟು, 72 ಗಂಟೆಯೊಳಗೆ ತಿಳಿಸಿದರೆ. “ಮಳಿ ಬರ್ಲಿ ಅಂತ ಬೇಡ್ಕೋಬೇಕೋ, ಮಂದಿ ಹೊಲ ಹಾಳಾಗ್ಲಿ ಅಂತ ಬೇಡ್ಕೋಬೇಕೋ ತಿಳೀವಲ್ದು” ಅಂದಳು.

ಅವಳ ಮಗ ಎಂಟನೇ ಕ್ಲಾಸು. ಬೇವಿನ ಕಟ್ಟೆ ಮೇಲೆ ಕೂತು ನನ್ನ ಟ್ರಂಕಿನ ಇಂದ್ರಜಾಲ ಕಾಮಿಕ್ಸ್ ಓದುತ್ತಿದ್ದ. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರು ಮಾಡಿದ್ದು. ಕನ್ನಡದಲ್ಲೂ ಬರುತ್ತಿತ್ತು, 1990ರಲ್ಲಿ ನಿಂತಿತು. ಜೊತೆಗೆ ಬಾಲಮಂಗಳದ ಹಳೇ ಸಂಚಿಕೆಗಳು. ಅದರ ಡಿಂಗ ಇಲಿಯಾದರೂ ಹಾರುತ್ತಾನೆ. ಇವನ್ನೆಲ್ಲ ಕೊಟ್ಟು ಹುಡುಗನನ್ನು ಕೆಡಿಸಿದವನು ನಾನು ಅನ್ನೋದು ಅಕ್ಕನ ಆರೋಪ. ನನಗೇನೂ ಹಾಗನಿಸಿಲ್ಲ.

ಮೊಬೈಲಿನಲ್ಲಿ ಸ್ಪೈಡರ್‌ಮ್ಯಾನೂ ಓದುವ ಅವನು ಕೇಳಿದ: “ಹೊಡೆದಾಟದಾಗ ಮಂದಿ ಮನಿ ಬೀಳ್ತಾವಲ್ಲ, ಬಿದ್ದ ಗೋಡೆಗೆ ದುಡ್ಡು ಯಾರು ಕೊಡ್ತಾರ?”

ಮಾರ್ವೆಲ್‌ನವರಿಗೇ ಈ ಪ್ರಶ್ನೆ ಕಾಡಿರಬೇಕು. 1980ರ ದಶಕದ ಕೊನೆಗೆ ‘ಡ್ಯಾಮೇಜ್ ಕಂಟ್ರೋಲ್’ ಅಂತ ಒಂದು ಕಾಮಿಕ್ಸ್ ತಂದರು. ಮಹಾವೀರರು ಕೆಡವಿ ಹೋದದ್ದನ್ನು ರಿಪೇರಿ ಮಾಡುವ ಕಂಪನಿಯ ಕಥೆ ಅದು. 2004ರ ‘ದಿ ಇನ್‌ಕ್ರೆಡಿಬಲ್ಸ್’ ಸಿನಿಮಾದಲ್ಲಂತೂ ವೀರನಿಗೆ ಇನ್ಶೂರೆನ್ಸ್ ಆಫೀಸಿನಲ್ಲೇ ಗುಮಾಸ್ತಿಕೆ. ಬಂದವರಿಗೆ ಕ್ಲೇಮ್ ಪಡೆಯುವ ದಾರಿ ಹೇಳಿಕೊಟ್ಟ ಅಂತ ಸಾಹೇಬನ ಕೈಲಿ ಬೈಸಿಕೊಳ್ಳುತ್ತಾನೆ. ಕಟ್ಟಡ ಎತ್ತುವವನೂ ಆ ಕುರ್ಚಿಯಲ್ಲಿ ಬಗ್ಗಿ ಕೂರಬೇಕು.

ಅಕ್ಕನಿಗೆ ಹಿಡಿಸಿದ್ದು ಇಂದ್ರಜಾಲದ ಫ್ಯಾಂಟಮ್. ಅಪ್ಪ ಸತ್ತರೆ ಮಗ ಅದೇ ಅಂಗಿ ತೊಡುತ್ತಾನೆ. ಈಗಿನವನು ಇಪ್ಪತ್ತೊಂದನೆಯವನು, ಜನ ಮಾತ್ರ ಇವನಿಗೆ ಸಾವೇ ಇಲ್ಲ ಅಂತ ನಂಬಿದ್ದಾರೆ. “ಅಂದ್ರ ಡೆತ್ ಸರ್ಟಿಫಿಕೇಟೇ ತೆಗಿಸಂಗಿಲ್ಲ. ನಾಮಿನಿ ಬಾಯಿಗೆ ಮಣ್ಣು!”

ನಗೆ ಮುಗಿಯುವಷ್ಟರಲ್ಲಿ ಹುಡುಗ ಒಳಗಿನಿಂದ ಪಾಲಿಸಿ ಪುಸ್ತಕ ತಂದಿದ್ದ. ಕಾಮಿಕ್ಸ್ ಓದುವವರಿಗೆ ಒಂದು ಚಟ ಇರುತ್ತದೆ: ಚೌಕದ ಮೂಲೆಯ ಸಣ್ಣಕ್ಷರವನ್ನೂ ಬಿಡುವುದಿಲ್ಲ. ಮನೆಯ ದೊಡ್ಡವರು ಏಜೆಂಟ್ ತೋರಿಸಿದಲ್ಲಿ ಸಹಿ ಹಾಕಿ, ಪುಸ್ತಕವನ್ನು ಅಲಮಾರಿಗೆ ಸೇರಿಸಿದ್ದರು. ಪಾಲಿಸಿ ಕೈಸೇರಿದ ಮೇಲೆ ಬೇಡವಾದರೆ ವಾಪಸ್ ಮಾಡಲು 30 ದಿನ ಇತ್ತು ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಇವನು ಪುಟ ತಿರುಗಿಸುತ್ತಾ ಹೋಗಿ ಒಂದು ಕಡೆ ಬೆರಳಿಟ್ಟ. ರೂಮ್ ಲೆಕ್ಕದ ಕಡಿತ ಔಷಧಿಗೆ, ಸ್ಕ್ಯಾನಿಂಗು-ರಕ್ತಪರೀಕ್ಷೆಗೆ ಅನ್ವಯಿಸುವುದಿಲ್ಲ ಅಂತ ಅಲ್ಲಿ ಅಚ್ಚಾಗಿತ್ತು. ಕಂಪನಿಯ ಪತ್ರ ತಾಳೆ ನೋಡಿದರೆ ಔಷಧಿಯಲ್ಲೂ ನೂರಕ್ಕೆ ನಲವತ್ತು ಹಾರಿದೆ.

ಮೊದಲು ಕಂಪನಿಗೇ ಬರೆಯಬೇಕು. ತಿಂಗಳಾದರೂ ಉತ್ತರ ಬರದಿದ್ದರೆ, ಬಂದದ್ದು ಸರಿಬೀಳದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಫೀಸಿಲ್ಲ, ವಕೀಲರೂ ಬೇಕಿಲ್ಲ ಅಂದೆ. ಹುಡುಗ ಆಗಲೇ ಅರ್ಜಿ ಬರೆಯಲು ಕೂತ. ‘ದುಷ್ಟರೇ’ ಅಂತ ಶುರು ಮಾಡಿದ್ದನ್ನು ‘ಮಾನ್ಯರೇ’ ಮಾಡಿಸಿದೆ.

ಔಷಧಿ ಚೀಟಿ ಹುಡುಕಿದರೆ ಅರ್ಧಕ್ಕರ್ಧ ನುಣುಪು ಕಾಗದದವು, ಅಕ್ಷರ ಅಳಿಸಿ ಬೆಳ್ಳಗಾಗಿವೆ. “ಹೆಂಗಸ್ರಿಗೆ ಬಸ್ ಫ್ರೀ ಐತಲ್ಲ, ನಾಳೆ ಹೊಸಪೇಟಿಗೆ ಹೋಗಿ ಆಸ್ಪತ್ರಿಯವರ ಹತ್ರ ಇನ್ನೊಂದು ಕಾಪಿ ತಗಿಸ್ತೀನಿ” ಅಂದಳು ಅಕ್ಕ. ಮಗನೂ ಹೊರಟ. ಅವನಿಗೆ ಟಿಕೆಟ್ ತಗೋಬೇಕಲ್ಲ ಅಂತ ಈಗ ಅವಳ ತಕರಾರು.