ಒಳಮಳೆ, ಹೊರಮಳೆ

ಪಾವಗಡದಲ್ಲಿ ಮಳೆಕೋಟು ಮಾರುವವನ ಗುಂಡಿಗೆ ದೊಡ್ಡದೇ ಇರಬೇಕು. ಸೋಲಾರ್ ಪಾರ್ಕಿನಲ್ಲಿ 2050 ಮೆಗಾವಾಟ್ ಬಿಸಿಲು ಬೆಳೆಯುವ ತಾಲ್ಲೂಕು ಅದು! ಆದರೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಅದೇ ಜಿಲ್ಲೆಯ ಕೊರಟಗೆರೆಯಿಂದ ಸಿದ್ದರಬೆಟ್ಟದ ಕಡೆ ಸೈಕಲ್ ತುಳಿಯುವವರನ್ನು ಮಳೆ ಹಿಡಿಯುವುದುಂಟು. ನನ್ನಂಥ ಬೆವರುವ ಮೈಯವರಿಗೆ ಆಗ ಜೋಡಿಮಳೆ: ಮೋಡದ್ದು ಹೊರಗೆ, ಸ್ವಂತದ್ದು ಒಳಗೆ.

ಪ್ಲಾಸ್ಟಿಕ್ ಕೋಟು ತೊಟ್ಟರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. "ಗೋರ್‌ಟೆಕ್ಸ್ ತಗೊಳ್ಳಿ ಸಾರ್, ಉಸಿರಾಡುತ್ತೆ" ಅನ್ನುತ್ತಾನೆ ಅಂಗಡಿ ಹುಡುಗ. 1969ರಲ್ಲಿ ಬಾಬ್ ಗೋರ್ ಟೆಫ್ಲಾನನ್ನು ಸರಕ್ಕನೆ ಜಗ್ಗಿದಾಗ ಸಿಕ್ಕಿದ ಪದರದಿಂದ ಶುರುವಾದ ಬಟ್ಟೆ ಅದು, ಉಸಿರಾಡುವುದಂತೂ ನಿಜ. ಅದರ ರಂಧ್ರದಲ್ಲಿ ಆವಿ ತೂರುತ್ತದೆ, ನೀರಹನಿ ತೂರುವುದಿಲ್ಲ. ಆದರೆ ಹೊರಬಟ್ಟೆ ನೆನೆದು ತೊಪ್ಪೆಯಾಗಿ, ಗಾಳಿಯೂ ತೇವವಾಗಿದ್ದರೆ ಆವಿ ಪಾಪ ಎಲ್ಲಿಗೆ ಹೋದೀತು? ಅದರಲ್ಲೂ ಏರಿನಲ್ಲಿ ನನ್ನ ಉತ್ಪಾದನೆಗೆ ಯಾವ ರಂಧ್ರವೂ ಸಾಲದು. ಆದ್ದರಿಂದ ಕಂಪನಿ ಹೆಸರಿಗಿಂತ ಮೊದಲು ಕಂಕುಳಲ್ಲಿ ಜಿಪ್ ಇದೆಯೇ ನೋಡಿ. ಬೆನ್ನಿಗೊಂದು ಗಾಳಿಕಿಂಡಿ ಇದ್ದರೆ ಇನ್ನೂ ಒಳ್ಳೆಯದು. ಒಳಗೆ ಹತ್ತಿ ಬನಿಯನ್ ಮಾತ್ರ ಬೇಡ. ಒದ್ದೆಯಾದರೆ ಬೇಗ ಒಣಗದು.

ಶಿರಾ ಕಡೆ ಕುರಿ ಕಾಯುವ ಅಜ್ಜ ಕಂಬಳಿ ಕೊಪ್ಪೆ ಹಾಕಿ ನಿಂತುಬಿಡುತ್ತಾನೆ. ಉಣ್ಣೆ ನೆನೆದರೂ ಬೆಚ್ಚಗೆ, ಕೆಳಗಿನಿಂದ ಧಾರಾಳ ಗಾಳಿ, ಜಿಪ್ಪಿನ ಹಂಗೇ ಇಲ್ಲ. ಅವನು ಏರಿನಲ್ಲಿ ಸೈಕಲ್ ತುಳಿಯುವುದಿಲ್ಲ ಅನ್ನುವುದೊಂದೇ ನನಗೆ ಸಮಾಧಾನ.