ತಲೆಗೊಂದು ಈಡುಗಾಯಿ

ಸೈಕಲ್ ಹೆಲ್ಮೆಟ್ಟಿನ ಬಹುಪಾಲು ಥರ್ಮೊಕೋಲ್. ಚೆನ್ನೈಯ ಕಾಸಿಮೇಡಿನ ಬಂದರಿನಿಂದ ಐಸು, ಮೀನು ತುಂಬಿಕೊಂಡು ಹೊರಡುವ ಬಿಳಿ ಪೆಟ್ಟಿಗೆ, ಶಾಲೆಯ ವಿಜ್ಞಾನ ಪ್ರದರ್ಶನದ ಜ್ವಾಲಾಮುಖಿ, ಕಲ್ಯಾಣ ಮಂಟಪದಲ್ಲಿ ವಧೂವರರ ಬೆನ್ನ ಹಿಂದೆ ಅಂಟಿಸುವ ಹೆಸರುಗಳು, ಇವೆಲ್ಲ ಅದೇ ವಂಶದವು. ಹೆಲ್ಮೆಟ್ಟಿನದು ಸ್ವಲ್ಪ ಒತ್ತಾದ ತಳಿ, ಅಷ್ಟೆ. ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ, ಒಳಗೆ ಬೆವರು ಹೀರುವ ಪ್ಯಾಡುಗಳು, ಗದ್ದದ ಕೆಳಗೆ ನೈಲಾನ್ ಪಟ್ಟಿ. ಹಿಂದೆ ರೇಸಿನವರು ಚರ್ಮದ ಪಟ್ಟಿಗಳ ಟೊಪ್ಪಿಗೆ ಹಾಕುತ್ತಿದ್ದರು. ಥರ್ಮೊಕೋಲಿನದನ್ನು ಅಮೆರಿಕದ ಬೆಲ್ ಕಂಪನಿ 1975ರಲ್ಲಿ ಮಾರುಕಟ್ಟೆಗೆ ತಂದಿತು. ಸಾವಿರಾರು ರೂಪಾಯಿ ಕೊಟ್ಟು ತಂದದ್ದು ಥರ್ಮೊಕೋಲನ್ನೇ ಎಂದು ಮನೆಯ ಹಿರಿಯರು ಕೇಳುವುದುಂಟು. ಹೌದು, ಅದನ್ನೇ.

ಬಿದ್ದಾಗ ಜಜ್ಜಿಹೋಗುವುದೇ ಅದರ ವಿದ್ಯೆ. ತಲೆ ರಸ್ತೆಗೆ ಬಡಿದು ನಿಲ್ಲುವ ಕ್ಷಣವನ್ನು ಕೂದಲೆಳೆಯಷ್ಟು ಹಿಗ್ಗಿಸಿ, ಪೆಟ್ಟಿನ ಜೋರನ್ನು ತಾನು ನುಂಗುತ್ತದೆ. ಜಜ್ಜಿದ ಕಾಳುಗಳು ಮತ್ತೆ ಉಬ್ಬುವುದಿಲ್ಲ. ಗಣಪತಿ ಗುಡಿಯೆದುರು ಒಡೆಯುವ ಈಡುಗಾಯಿಯ ಹಾಗೆ ಒಂದಕ್ಕೆ ಒಂದೇ ಏಟು. ಅಮೆರಿಕದ ಮಾನದಂಡದಂತೆ, ಒಳಗೆ ಲೋಹದ ತಲೆಯಿಟ್ಟು 2 ಮೀಟರ್ ಎತ್ತರದಿಂದ ಚಪ್ಪಟೆ ಉಕ್ಕಿನ ಮೇಲೆ ಬೀಳಿಸಿ ನೋಡುತ್ತಾರೆ; ಯುರೋಪಿನವರ ಎತ್ತರ ಸುಮಾರು ಒಂದೂವರೆ ಮೀಟರ್. ಎರಡರಲ್ಲೂ ಕೆಳಗೆ ಬಡಿಯುವ ವೇಗ ಗಂಟೆಗೆ 20 ಕಿ.ಮೀ. ಆಚೀಚೆ. ಮೈಲಾಪುರದ ಓಣಿಯಲ್ಲಿ ಹಸು ಅಡ್ಡ ಬಂದು ಬೀಳುವುದಕ್ಕೆ ಇದು ಸಾಕು. ಅಣ್ಣಾ ಸಾಲೈಯಲ್ಲಿ ಬಸ್ಸಿನ ಜೊತೆ ಜಿದ್ದಿಗೆ ಬೀಳುವುದಕ್ಕೆ ಸಾಲದು.

ಸೈಕಲ್ಲಿನವರ ತಲೆಯ ಬಗ್ಗೆ ಕಾಯಿದೆಗೆ ಚಿಂತೆಯಿಲ್ಲ. ಮೋಟಾರು ವಾಹನ ಕಾಯಿದೆಯ 129ನೇ ಕಲಂ ಕಾಯುವುದು ಮೋಟಾರ್ ಸೈಕಲ್ ಏರಿದ ತಲೆಗಳನ್ನು ಮಾತ್ರ. ಮದ್ರಾಸ್ ಹೈಕೋರ್ಟಿನ ಆದೇಶದಿಂದ 2015ರ ಜುಲೈ 1ರಂದು ತಮಿಳುನಾಡಿನಲ್ಲಿ ಅದು ಬಿಗಿಯಾದಾಗ ಅಂಗಡಿಗಳಲ್ಲಿ ಹೆಲ್ಮೆಟ್ಟಿಗೆ ನೂಕುನುಗ್ಗಲು. ಸೈಕಲ್ಲಿನವರು ಮಾತ್ರ ಬರಿತಲೆಯಲ್ಲಿ ಪೊಲೀಸರ ಮುಂದೆಯೇ ಬೆಲ್ಲು ಬಾರಿಸುತ್ತ ಸಾಗಬಹುದಿತ್ತು, ಈಗಲೂ ಸಾಗಬಹುದು. ಹೀಗಾಗಿ ಚೆನ್ನೈಯಲ್ಲಿ ಇದನ್ನು ತೊಡುವವರು ಹೆಚ್ಚಾಗಿ ನಸುಕಿನಲ್ಲಿ ಈಸಿಆರ್ (ಈಸ್ಟ್ ಕೋಸ್ಟ್ ರಸ್ತೆ) ಹಿಡಿದು ಮಹಾಬಲಿಪುರದ ಕಡೆ ತುಳಿಯುವ ತಂಡಗಳವರು. (ಅವರು ಹೋಗುವುದು ವ್ಯಾಯಾಮಕ್ಕೋ, ದಾರಿಯ ಪೊಂಗಲ್–ಕಾಫಿಗೋ ಎಂಬುದು ಬೇರೆ ಚರ್ಚೆ.) ಹಾಲು, ಪೇಪರು, ನೀರಿನ ಕ್ಯಾನು ಹೊತ್ತು ದಿನವಿಡೀ ರಸ್ತೆಯಲ್ಲೇ ಇರುವ ತಲೆಗಳು ಬರಿದಾಗಿಯೇ ಇವೆ. ಇದು ತಮಾಷೆಯ ಮಾತಲ್ಲ.

ತೊಟ್ಟ ಹೆಲ್ಮೆಟ್ ಈ ಊರಿನಲ್ಲಿ ದಿನವೂ ಸೆಣಸುವುದು ಬೆವರಿನೊಂದಿಗೆ. ಉಪ್ಪು ಕೂತು ಪಟ್ಟಿ ಕಟ್ಟಿಗೆಯಾಗುತ್ತದೆ, ಪ್ಯಾಡುಗಳಿಂದ ಹುಳಿದೋಸೆ ಹಿಟ್ಟಿನ ವಾಸನೆ ಏಳುತ್ತದೆ. ಪ್ಯಾಡುಗಳನ್ನು ಕಿತ್ತು, ಸೌಮ್ಯವಾದ ಸೋಪಿನಲ್ಲಿ ಕೈಯಿಂದ ಒಗೆದು, ನೆರಳಲ್ಲಿ ಒಣಗಿಸಬೇಕು. ಕೈಪಿಡಿಗಳು ಉಗುರುಬೆಚ್ಚಗಿನ ನೀರು ಎನ್ನುತ್ತವೆ. ಮೇ ತಿಂಗಳಲ್ಲಿ ಓವರ್‌ಹೆಡ್ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಅದಕ್ಕಿಂತ ಬಿಸಿಯದೇ ಬರುವುದರಿಂದ, ಇಲ್ಲಿ ನೀರು ಕಾಯಿಸುವ ಬದಲು ಬಕೆಟ್ಟಿನಲ್ಲಿ ಆರಿಸಿಕೊಳ್ಳಬೇಕು. ಚೈನು ಒರೆಸಿದ ಸೀಮೆಎಣ್ಣೆ ಬಟ್ಟೆಯನ್ನು, ಹೊಳಪು ಬರಲಿ ಎಂದು, ಹೆಲ್ಮೆಟ್ಟಿನ ಮೇಲೂ ಆಡಿಸುವವರಿದ್ದಾರೆ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರು ಯಾವುದೂ ಅದರ ಹತ್ತಿರ ಸುಳಿಯಬಾರದು. ಪೆಟ್ರೋಲಿಗೆ ಹಾಕಿದ ಥರ್ಮೊಕೋಲ್ ತುಂಡು ಕರಗಿ ಅಂಟಾಗುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಣ್ಣ ಬಳಿಯುವುದೂ, ಸಿಕ್ಕ ಸಿಕ್ಕ ಸ್ಟಿಕ್ಕರ್ ಅಂಟಿಸುವುದೂ ಬೇಡ. ಕೆಲವು ಅಂಟುಗಳೂ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ದೇವರ ಸ್ಟಿಕ್ಕರ್ ಬೇಕೇ ಬೇಕಾದರೆ ಸೈಕಲ್ಲಿನ ಮಡ್‌ಗಾರ್ಡಿಗೆ ಅಂಟಿಸಬಹುದು.

ಇನ್ನು ಬಿಸಿಲು. 2003ರ ಮೇ 31ರಂದು 45 ಡಿಗ್ರಿ ಮುಟ್ಟಿದ ಊರು ಇದು. ಅಗ್ನಿ ನಕ್ಷತ್ರವೆಂಬ ಕಡುಬೇಸಿಗೆಯ ಮಧ್ಯಾಹ್ನ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಹೆಲ್ಮೆಟ್ಟಿನ ಥರ್ಮೊಕೋಲ್ ಸೊಟ್ಟಗಾಗಬಹುದು, ಅಂಟು ಬಿಡಬಹುದು. ತಾರಸಿಯಲ್ಲಿ ಸಂಡಿಗೆಯ ಪಕ್ಕದಲ್ಲೇ ಅದನ್ನೂ ಒಣಗಲು ಇಡುವುದು ತಪ್ಪು: ಸಂಡಿಗೆಗೆ ಬೇಕಾದ ಬಿಸಿಲು ಹೆಲ್ಮೆಟ್ಟಿಗೆ ಆಗದು. ಹ್ಯಾಂಡಲಿಗೆ ತಲೆಕೆಳಗಾಗಿ ನೇತುಹಾಕಿ ನಿಂಬೆಹಣ್ಣು, ಕರಿಬೇವು ತುಂಬಿ ತರುವುದು ಜಾಣತನವೇ. ತಲೆಗೆ ಹಾಕಬೇಕಾದದ್ದು ಆಗ ಕೈಚೀಲವಾಗಿರುತ್ತದೆಂಬುದೊಂದು ಕೊರತೆ.

ತೊಡುವ ಕ್ರಮ ಸರಳ. ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳಷ್ಟೇ ಹೋಗಬೇಕು. ಮಾರ್ಗಳಿ, ಅಂದರೆ ಧನುರ್ಮಾಸ, ಬಂದು ಪಾದರಸ ಇಪ್ಪತ್ತರ ಹತ್ತಿರ ಇಳಿದರೆ ಚೆನ್ನೈ ಹಿಮಾಲಯದಲ್ಲಿರುವಂತೆ ಮಂಕಿ ಕ್ಯಾಪ್ ಹೊರತೆಗೆಯುತ್ತದೆ. ಅದರ ಮೇಲೆ ಕೂತ ಹೆಲ್ಮೆಟ್ ತಲೆಯನ್ನು ಹಿಡಿದಿರುವುದಿಲ್ಲ, ಟೋಪಿಯನ್ನು ಹಿಡಿದಿರುತ್ತದೆ.

ಆರೈಕೆಯ ಮಟ್ಟಿಗೆ ಜನ ಹೇಗೋ ಒಪ್ಪುತ್ತಾರೆ. ಕಷ್ಟ ಬರುವುದು ಬದಲಿಸುವ ಮಾತೆತ್ತಿದಾಗ. ತಿರುವಲ್ಲಿಕ್ಕೇಣಿಯ ಹಳೆಯ ಕನ್ನಡ ಮನೆಗಳ ಅಟ್ಟದಲ್ಲಿ ಹಾರ್ಲಿಕ್ಸ್ ಬಾಟಲಿ, ಬಿಸ್ಕತ್ ಡಬ್ಬ, ನಿಂತ ಗಡಿಯಾರ ಎಲ್ಲಕ್ಕೂ ಜಾಗವಿದೆ, ಎಸೆಯುವುದೆಂಬ ಕ್ರಿಯಾಪದಕ್ಕಿಲ್ಲ. ‘ಚೆನ್ನಾಗೇ ಇದೆಯಲ್ಲ ರೀ, ಬಿದ್ದಿದ್ದು ಒಂದೇ ಸಲ ತಾನೆ?’ ಎಂಬ ಪ್ರಶ್ನೆ ಅಲ್ಲಿ ನ್ಯಾಯವಾದದ್ದೇ. ಆದರೆ ಹೆಲ್ಮೆಟ್ಟಿನ ಮಟ್ಟಿಗೆ ನೋಟ ಸಾಕ್ಷಿಯಾಗದು. ಪ್ಲಾಸ್ಟಿಕ್ ಹೊದಿಕೆ ಪುಟಿದು ಮೊದಲಿನಂತೆ ನಗುತ್ತಿರುತ್ತದೆ, ಒಳಗೆ ಥರ್ಮೊಕೋಲ್ ಬಿರುಕು ಬಿಟ್ಟಿರಬಹುದು. ಪ್ಯಾಡು ತೆಗೆದು ನೋಡಿ, ಬೆರಳಿನಿಂದ ಒತ್ತಿ ಪರೀಕ್ಷಿಸಿದರೂ ಎಲ್ಲ ಗಾಯ ಕಾಣಿಸದು. ತಲೆಯಿದ್ದು ನೆಲಕ್ಕೆ ಬಡಿದ ಹೆಲ್ಮೆಟ್ಟಿನ ಆಯಸ್ಸು ಅಲ್ಲಿಗೆ ಮುಗಿಯಿತು. ಖಾಲಿಯಾಗಿ ಮೇಜಿನಿಂದ ಉರುಳಿದ್ದಕ್ಕೆ ಅಷ್ಟು ಗಾಬರಿ ಬೇಡ. ತಲೆಯ ತೂಕವಿಲ್ಲದೆ ಏಟು ಹಗುರ, ಒಮ್ಮೆ ನೋಡಿಕೊಂಡರೆ ಸಾಕು.

ಬೀಳದಿದ್ದರೂ ವಯಸ್ಸಾಗುತ್ತದೆ. ತಯಾರಕರಲ್ಲಿ ಹಲವರು ಮೂರರಿಂದ ಐದು ವರ್ಷ ಎನ್ನುತ್ತಾರೆ. ಅಮೆರಿಕದ ಸರ್ಕಾರಿ ಗ್ರಾಹಕ ಸುರಕ್ಷತಾ ಆಯೋಗದ ಲೆಕ್ಕ ಐದರಿಂದ ಹತ್ತು. ಮಾರುವವರು ಬೇಗ ಬದಲಿಸಿ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಆದರೆ 1957ರಲ್ಲಿ ಹುಟ್ಟಿದ, ಹೆಲ್ಮೆಟ್ ಪರೀಕ್ಷಿಸುವ, ಯಾವ ಹೆಲ್ಮೆಟ್ಟನ್ನೂ ಮಾರದ ಸ್ನೆಲ್ ಪ್ರತಿಷ್ಠಾನವೂ ಐದೇ ವರ್ಷ ಎನ್ನುತ್ತದೆ, ಕಾರಣಗಳಲ್ಲಿ ತಲೆಗೆಣ್ಣೆಯನ್ನೂ ಬೆವರನ್ನೂ ಸೇರಿಸಿದೆ. ಕೊಬ್ಬರಿ ಎಣ್ಣೆಯಿಲ್ಲದೆ ಹೊಸ್ತಿಲು ದಾಟದ, ದಾಟಿದೊಡನೆ ಬೆವರುವ ತಲೆಗಳಿಗೆ ಐದರ ಲೆಕ್ಕವೇ ಸರಿ. ತಯಾರಾದ ತಿಂಗಳು, ವರ್ಷ ಒಳಗಿನ ಚೀಟಿಯಲ್ಲಿರುತ್ತದೆ; ಬೆವರು ಅದನ್ನು ಅಳಿಸುವ ಮೊದಲು ಬೇರೆಡೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯದನ್ನು ಗುಜರಿಯವರು ಕೊಳ್ಳುವುದು ಅನುಮಾನ. ಚೆನ್ನೈಯವರು ಕಾಯಲಾನ್ ಕಡೈ ಎನ್ನುವ ಆ ಅಂಗಡಿಗಳಲ್ಲಿ ಕಬ್ಬಿಣಕ್ಕೆ ಬೆಲೆಯುಂಟು, ಥರ್ಮೊಕೋಲಿಗೆ ಎಲ್ಲಿಯದು? ಹಾಗೆಂದು ಕೆಲಸದವರ ಮಗನಿಗೋ ವಾಚ್‌ಮನ್ನಿಗೋ ದಾನ ಮಾಡಬೇಡಿ: ತನ್ನ ತಲೆಗೆ ಆಗದ್ದು ಇನ್ನೊಬ್ಬರ ತಲೆಗೂ ಆಗದು. ಕಸಕ್ಕೆ ಹಾಕುವ ಮೊದಲು ಕತ್ತರಿ ತೆಗೆದುಕೊಂಡು ಗದ್ದದ ಪಟ್ಟಿಗಳನ್ನು ಕತ್ತರಿಸಿಬಿಡಿ, ಯಾರೂ ಎತ್ತಿಕೊಂಡು ಹಾಕಿಕೊಳ್ಳದ ಹಾಗೆ.